ಆಡಬಾರದ ಮಾತಿನ ನಕ್ಷೆ

ನಾನು ಬೆಳೆದ ಬಸವನಗುಡಿಯ ಮನೆಯಲ್ಲಿ ಕೇಡಿನ ಮಾತಿಗೆ ಜಾಗವಿರಲಿಲ್ಲ. ದೀಪ ಆರಿಸು ಎನ್ನುವಂತಿರಲಿಲ್ಲ; ಶಾಂತ ಮಾಡು ಎನ್ನಬೇಕಿತ್ತು. ಡಬ್ಬಿಯಲ್ಲಿ ಅರಿಶಿನ ಮುಗಿದಿದ್ದರೆ ‘ಹೆಚ್ಚಿದೆ’ ಎನ್ನುತ್ತಿದ್ದರು. ಊರಿಗೆ ಹೊರಟವರು ‘ಹೋಗ್ತೀನಿ’ ಎಂದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ‘ಹೋಗಿ ಬರ್ತೀನಿ’ ಎಂದು ಹೇಳಿಸುತ್ತಿದ್ದಳು. ನಾವು ಮಕ್ಕಳು ಬಾಯಿ ತಪ್ಪಿ ‘ಬಸ್ಸು ಉರುಳಿಬಿಟ್ಟರೆ?’ ಎಂದೇನಾದರೂ ಕೇಳಿದೆವೋ, ‘ಬಿಡ್ತು ಅನ್ನು’ ಎಂದು ಗದರಿಕೆ ಬರುತ್ತಿತ್ತು. ಮುಸ್ಸಂಜೆಯಲ್ಲಂತೂ ಇನ್ನಷ್ಟು ಎಚ್ಚರ ಬೇಕಿತ್ತು. ಆ ಹೊತ್ತಿನಲ್ಲಿ ಅಶ್ವಿನೀ ದೇವತೆಗಳು ಮನೆಯ ಮೇಲೆಯೇ ಹಾದುಹೋಗುತ್ತಾರೆ, ಕಿವಿಗೆ ಬಿದ್ದ ಮಾತಿಗೆಲ್ಲ ಅಸ್ತು ಅಂದುಬಿಡುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದರು.

ಈ ನಡವಳಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಎಂದೂ ಮನಸ್ಸು ಬಂದಿಲ್ಲ. ಆಡಿದ ಮಾತು ಕೇಳಿದವರ ಮನಸ್ಸಿನಲ್ಲಿ ಕೂತು ಕೆಲಸ ಮಾಡುತ್ತದೆ ಎಂಬುದು ಸುಳ್ಳಲ್ಲ. ಪ್ರೀತಿಪಾತ್ರರ ಬಗ್ಗೆ ಕೆಟ್ಟದ್ದನ್ನು ಊಹಿಸಿ ನುಡಿಯಬಾರದು ಎಂಬುದರಲ್ಲಿ ಒಂದು ಸಂಸ್ಕಾರವಿದೆ, ಮನೆಯ ಮಕ್ಕಳನ್ನು ವಿನಾಕಾರಣ ಅಂಜಿಸದಿರುವ ಕರುಣೆಯಿದೆ. ಆ ಮೌನದೊಳಗೇ ನಾನು ದೊಡ್ಡವಳಾದೆ, ನನ್ನ ಮಕ್ಕಳನ್ನೂ ಅದರೊಳಗೇ ಬೆಳೆಸಿದೆ. ಅದು ಪ್ರಶ್ನಿಸಬೇಕಾದ ಸಂಗತಿ ಎಂದು ನನಗೆ ತೋರಿದ್ದು ಬಹಳ ತಡವಾಗಿ, ಬಹಳ ದೂರದ ಒಂದು ಅಡುಗೆಮನೆಯಲ್ಲಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರದ ದಕ್ಷಿಣಕ್ಕೆ ಪ್ಯುಯಾಲಪ್ ಎಂಬ ಊರಿದೆ. ನನ್ನ ಮಗಳ ಸಂಸಾರ ಇರುವುದು ಅಲ್ಲಿ. ಮೋಡವಿಲ್ಲದ ದಿನ ಆ ಊರಿನ ಬೀದಿಯ ಕೊನೆಯಲ್ಲಿ ಹಿಮ ಹೊದ್ದ ಮೌಂಟ್ ರೇನಿಯರ್ ಕಾಣುತ್ತದೆ. 14,410 ಅಡಿ ಎತ್ತರದ ಬೆಟ್ಟ. ಅದು ಕಂಡ ದಿನ ಅಲ್ಲಿಯ ಜನ ‘ಇವತ್ತು ಬೆಟ್ಟ ಹೊರಗೆ ಬಂದಿದೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಮೊದಲ ದರ್ಶನಕ್ಕೆ ನಮ್ಮ ಯಜಮಾನರು ಚಪ್ಪಲಿ ಕಳಚಿ ಕೈ ಮುಗಿದಿದ್ದರು. ಅದು ಜ್ವಾಲಾಮುಖಿ ಎಂದು ನಮಗೆ ಗೊತ್ತಿತ್ತು. ಆದರೆ ಆರಿದ ಒಲೆಯ ಬಗ್ಗೆ ಇರುವಷ್ಟೇ ನಿಶ್ಚಿಂತೆಯಿಂದ ಆ ಸಂಗತಿ ನಮ್ಮೊಳಗೆ ಇತ್ತು.

ಒಂದು ಬೆಳಿಗ್ಗೆ ಕಾಫಿಗೆ ಹಾಲು ತೆಗೆಯಲು ಹೋದಾಗ ಫ್ರಿಜ್ಜಿನ ಬಾಗಿಲ ಮೇಲೆ, ಮೊಮ್ಮಗ ಬರೆದ ಆನೆಯ ಚಿತ್ರದ ಪಕ್ಕದಲ್ಲಿ, ಗಾಂಧಿ ಬಜಾರಿನಿಂದ ನಾನೇ ಒಯ್ದಿದ್ದ ಗಣಪತಿ ಮ್ಯಾಗ್ನೆಟ್ಟಿನ ಕೆಳಗೆ ಸಿಕ್ಕಿಸಿದ್ದ ಒಂದು ನಕ್ಷೆ ಕಣ್ಣಿಗೆ ಬಿತ್ತು. ನಕ್ಷೆಯ ಒಂದು ಮೂಲೆಯಲ್ಲಿ ಬೆಟ್ಟ. ಅಲ್ಲಿಂದ ಇಳಿದ ಹೊಳೆಗಳ ಇಕ್ಕೆಲಗಳಲ್ಲೂ ಗಾಢವಾದ ಬಣ್ಣ ತುಂಬಿದ್ದರು. ಕಣಿವೆಯ ಅಗಲಕ್ಕೆ ತಕ್ಕಂತೆ ಅದು ಎಲ್ಲೋ ಕಿರಿದಾಗಿ, ಎಲ್ಲೋ ಹಿಗ್ಗಿ, ಕಡಲಿನ ಕಡೆಗೆ ಸಾಗಿತ್ತು. ಆ ಬಣ್ಣದೊಳಗೆ ಪೆನ್ನಿನಿಂದ ಎರಡು ಗುರುತು ಹಾಕಿದ್ದರು. ಒಂದು ಅವರ ಮನೆ. ಇನ್ನೊಂದು ಮೊಮ್ಮಗನ ಶಾಲೆ. ಶಾಲೆಯಿಂದ ಒಂದು ಬಾಣದ ಗುರುತು ಬಣ್ಣವಿಲ್ಲದ ದಿಣ್ಣೆಯ ಕಡೆಗೆ ಹೋಗಿತ್ತು.

‘ಇದೇನೇ ಇದು?’ ಎಂದು ಮಗಳನ್ನು ಕೇಳಿದೆ. ‘ಲಹಾರ್ ನಕ್ಷೆ ಅಮ್ಮ. ಬೆಟ್ಟದಿಂದ ಕೆಸರು ಬಂದ್ರೆ ಎಲ್ಲಿವರೆಗೂ ಬರುತ್ತೆ ಅಂತ’ ಎಂದಳು ಅವಳು, ದೋಸೆ ಮಗುಚುತ್ತ. ಮೇಜಿನ ಬಳಿ ಕೂತಿದ್ದ ಮೊಮ್ಮಗ ಮಿಕ್ಕದ್ದನ್ನು ತಾನೇ ಹೇಳಿ ಮುಗಿಸಿದ: ‘ಅಜ್ಜಿ, ಸೈರನ್ ಆದ್ರೆ ನಾವೆಲ್ಲ ಸ್ಕೂಲಿಂದ ನಡ್ಕೊಂಡು ಮೇಲೆ ಹೋಗ್ತೀವಿ. ಅಮ್ಮ ಕಾರ್ ತಗೊಂಡು ನನ್ನ ಕರ್ಕೊಂಡು ಹೋಗೋಕೆ ಬರಬಾರದು. ಅದು ರೂಲ್.’

ನನ್ನ ಬಾಯಿಂದ ತಾನಾಗಿ ಬಂದದ್ದು ‘ಬಿಡ್ತು ಅನ್ನೋ ಕಂದ’ ಎಂಬ ಮಾತು. ಹುಡುಗ ತನ್ನ ತಾಯಿಯ ಮುಖ ನೋಡಿದ. ‘ಏನು ಬಿಡ್ತು?’ ಎಂದು ಕೇಳಿದ.

ಅವನ ಪ್ರಶ್ನೆಗಿಂತ ಅವನ ರೂಲ್ ನನ್ನನ್ನು ಹೆಚ್ಚು ಕಾಡಿತು. ಕೇಡು ಬಂದ ಹೊತ್ತಿನಲ್ಲಿ ತಾಯಿ ಮಗುವಿನ ಕಡೆಗೆ ಓಡಬಾರದಂತೆ. ನನ್ನ ಮಟ್ಟಿಗೆ ತಾಯ್ತನವೆಂದರೆ ಆ ಓಟವೇ ಆಗಿತ್ತು. ಮಗಳು ಸಮಾಧಾನವಾಗಿ ವಿವರಿಸಿದಳು. ಎಲ್ಲ ತಾಯಂದಿರೂ ಕಾರು ತೆಗೆದುಕೊಂಡು ಶಾಲೆಗೆ ಹೊರಟರೆ ಕಣಿವೆಯ ರಸ್ತೆಗಳು ಕಟ್ಟಿಹೋಗುತ್ತವೆ. ನಡೆದು ಹೊರಟ ಮಕ್ಕಳಿಗೂ ದಾರಿ ಸಿಗುವುದಿಲ್ಲ, ತಾಯಂದಿರೂ ಉಳಿಯುವುದಿಲ್ಲ. ಬೆಟ್ಟಕ್ಕೆ ಹತ್ತಿರದ ಆರ್ಟಿಂಗ್ ಊರಿನವರಿಗೆ ಸಿಗುವ ಕಾಲ ಹೆಚ್ಚೆಂದರೆ ಒಂದು ಗಂಟೆ. ಅದಕ್ಕೇ ಶಾಲೆಗಳು ಮಕ್ಕಳನ್ನು ನಡೆಸಿ ಅಭ್ಯಾಸ ಮಾಡಿಸುತ್ತವೆ. 2024ರ ಮಾರ್ಚಿನಲ್ಲಿ ಆ ಕಣಿವೆಯ ಶಾಲೆಗಳು ಒಟ್ಟಾಗಿ ನಡೆಸಿದ ತಾಲೀಮಿನಲ್ಲಿ ಸುಮಾರು 45,000 ಮಕ್ಕಳು ಪಾಲ್ಗೊಂಡರು. ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಸೈರನ್ನುಗಳನ್ನು ಪರೀಕ್ಷೆಗಾಗಿ ಮೊಳಗಿಸುತ್ತಾರೆ. ಊಟದ ಹೊತ್ತಿಗೆ ಆ ಸದ್ದು ಕೇಳಿದರೂ ಯಾರೂ ತುತ್ತು ಕೆಳಗಿಡುವುದಿಲ್ಲ.

ಪ್ರೀತಿ ಎಂದರೆ ಆ ಗಳಿಗೆಯಲ್ಲಿ ಹುಟ್ಟುವ ತಳಮಳ ಎಂದು ನಾನು ತಿಳಿದಿದ್ದೆ. ಆ ಮನೆಯಲ್ಲಿ ಪ್ರೀತಿ ಬೇರೊಂದು ರೂಪದಲ್ಲಿತ್ತು. ನೆಮ್ಮದಿಯ ದಿನವೊಂದರಲ್ಲಿ ಕೂತು, ಕೆಟ್ಟ ದಿನವನ್ನು ಕಣ್ಣೆದುರು ತಂದುಕೊಂಡು, ಯಾರು ಎಲ್ಲಿಗೆ ಹೋಗಬೇಕು, ಯಾರು ಯಾರನ್ನು ಹುಡುಕಬಾರದು ಎಂದು ನಿರ್ಧರಿಸಿ, ಅದನ್ನು ಏಳು ವರ್ಷದ ಮಗುವಿಗೆ ಅಳು ಬಾರದಂತೆ ಹೇಳಿಕೊಟ್ಟಿದ್ದರು. ಹಾಗೆ ಹೇಳಿಕೊಡಲು ಬೇಕಾದ ಧೈರ್ಯ ನನ್ನಲ್ಲಿತ್ತೆ ಎಂದು ನನ್ನನ್ನೇ ಕೇಳಿಕೊಂಡೆ. ನನ್ನ ಮೌನ ಮಕ್ಕಳನ್ನು ಕಾಯಲೆಂದು ಇತ್ತೋ, ನನ್ನನ್ನೇ ಕಾಯಲೆಂದು ಇತ್ತೋ ಎಂಬುದು ಈಗಲೂ ನನಗೆ ಪೂರ್ತಿ ಬಗೆಹರಿದಿಲ್ಲ.

ಆ ನಕ್ಷೆಯ ಬಗ್ಗೆ ತಿಳಿಯಬೇಕೆನ್ನಿಸಿ ಅಲ್ಲಿದ್ದಷ್ಟು ಕಾಲವೂ ಓದಿದೆ. ಜ್ವಾಲಾಮುಖಿ ಎಂದರೆ ಉರಿ ಕಾರುವ ಬಾಯಿ ಎಂಬ ನನ್ನ ಕಲ್ಪನೆ ಮೊದಲು ಬಿದ್ದುಹೋಯಿತು. ರೇನಿಯರ್ ತಪ್ಪಲಿನವರು ಅಂಜುವುದು ಲಾವಾಕ್ಕಲ್ಲ, ಲಹಾರಿಗೆ. ಬೆಟ್ಟದ ಒಳಗಿನ ಬಿಸಿಯೂ ಆಮ್ಲೀಯ ನೀರೂ ಸೇರಿ ಸಾವಿರಾರು ವರ್ಷಗಳಲ್ಲಿ ಗಟ್ಟಿ ಕಲ್ಲನ್ನು ಜೇಡಿಯಂತೆ ಮೆತ್ತಗೆ ಮಾಡುತ್ತವೆ. ಪಶ್ಚಿಮದ ಮುಖದಲ್ಲಿ ಇಂಥ ಸಡಿಲ ಕಲ್ಲು ಬಹಳ. ಅದರ ಒಂದು ಭಾಗ ಕುಸಿದು, ಹಿಮದೊಂದಿಗೆ ಕಲೆತು, ಬಂಡೆ ಮರಗಳನ್ನು ಹೊತ್ತುಕೊಂಡು ಕಣಿವೆ ಹಿಡಿದು ಇಳಿಯುತ್ತದೆ. ಇದಕ್ಕೆ ಸ್ಫೋಟವೇ ಆಗಬೇಕೆಂದಿಲ್ಲ. ಸುಮಾರು 500 ವರ್ಷಗಳ ಹಿಂದೆ ಹೀಗೆ ಬಂದ ಕೆಸರು ಈಗಿನ ಆರ್ಟಿಂಗ್ ಊರಿನ ನೆಲವನ್ನು ಮುಚ್ಚಿತು. ಅಲ್ಲಿ ಮನೆಗಳಿಗೆ ಪಾಯ ತೋಡಿದವರಿಗೆ ಆ ಕೆಸರಿನಲ್ಲಿ ನಿಂತಂತೆಯೇ ಹುಗಿದುಹೋದ ದೊಡ್ಡ ಮರಗಳ ಬುಡಗಳು ಸಿಕ್ಕಿವೆ. ಇನ್ನೂ ಹಿಂದೆ, ಸುಮಾರು 5,600 ವರ್ಷಗಳ ಕೆಳಗೆ ಬೆಟ್ಟದ ನೆತ್ತಿಯೇ ಕುಸಿದು ಕೆಸರು ಕಡಲಿನ ಕೊಲ್ಲಿಯವರೆಗೂ ಹರಿದಿತ್ತು. ಭೂವಿಜ್ಞಾನಿಗಳು ಈ ಹಳೆಯ ಕೆಸರನ್ನು ಅಗೆದು, ಅಳೆದು, ಅದು ಮುಟ್ಟಿದ ಅಂಚುಗಳನ್ನು ಗುರುತಿಸಿ ಬಣ್ಣ ತುಂಬಿದ್ದಾರೆ.

ಅಂದರೆ ಆ ನಕ್ಷೆಯಲ್ಲಿದ್ದದ್ದು ಭವಿಷ್ಯವಾಣಿಯಾಗಿರಲಿಲ್ಲ. ಅದು ಆ ನೆಲದ ಮೇಲೆ ಆಗಿಹೋದ ಸಂಗತಿಗಳ ದಾಖಲೆ. ನಾಳೆ ಕೆಸರು ಬರುತ್ತದೆ ಎಂದು ಅದು ಹೇಳುತ್ತಿರಲಿಲ್ಲ. ಬಂದರೆ ಇಲ್ಲಿಗೆ ಬರುತ್ತದೆ, ಏಕೆಂದರೆ ಹಿಂದೆ ಇಲ್ಲಿಗೇ ಬಂದಿತ್ತು ಎನ್ನುತ್ತಿತ್ತು. ಎಲ್ಲಿ ಎಂಬುದು ಗೊತ್ತಿದ್ದು ಯಾವಾಗ ಎಂಬುದು ಗೊತ್ತಿಲ್ಲದೆ ಬದುಕುವುದು ಹೇಗೆ? ನಮ್ಮ ಮನಸ್ಸು ‘ಯಾವಾಗ’ ಎಂಬುದಕ್ಕೆ ಮಾತ್ರ ಕಿವಿಗೊಡುತ್ತದೆ. ಈಗಲ್ಲ ಎಂದು ತಿಳಿದ ಕೂಡಲೇ ಮೈಮರೆಯುತ್ತದೆ. ಪ್ರವಾಸಿಯ ಮನಸ್ಸಂತೂ ಹೀಗೆಯೇ: ಎರಡು ದಿನಕ್ಕೆಂದು ಬಂದವರು ನಾವು, ಆ ಎರಡು ದಿನದಲ್ಲೇ ಆಗಬೇಕೆ ಎಂದುಕೊಳ್ಳುತ್ತದೆ.

ಬೆಟ್ಟಕ್ಕೆ ನಾವೂ ಹೋದೆವು. ರಾಷ್ಟ್ರೀಯ ಉದ್ಯಾನದ ಬಾಗಿಲು ದಾಟಿ ಲಾಂಗ್‌ಮೈರ್ ಎಂಬಲ್ಲಿಗೆ ಹೋಗುವ ದಾರಿಯಲ್ಲಿ ಕೌಟ್ಜ್ ಎಂಬ ತೊರೆಯಿದೆ. 1947ರ ಅಕ್ಟೋಬರಿನಲ್ಲಿ ಜಡಿಮಳೆಗೆ ಮೇಲಿನ ಹಿಮನದಿಯ ಭಾಗವೊಂದು ಕುಸಿದು ಕೆಸರು ಕಲ್ಲುಗಳ ಪ್ರವಾಹ ಈ ತೊರೆಯಗುಂಟ ಇಳಿದು ರಸ್ತೆಯನ್ನು ಹೂಳಿತ್ತು. ಆಗ ಬುಡ ಮುಚ್ಚಿಹೋಗಿ ಉಸಿರುಗಟ್ಟಿ ಸತ್ತ ಮರಗಳು ಬೂದಿಬಣ್ಣದ ಬರಿ ಕಾಂಡಗಳಾಗಿ ಅಲ್ಲಿ ನಿಂತಿವೆ. ಅವುಗಳ ನಡುವೆ ಹೊಸ ಕಾಡು ಬೆಳೆದಿದೆ. ಮೊಮ್ಮಗ ಅಲ್ಲಿಯ ಫಲಕವನ್ನು ಗಟ್ಟಿಯಾಗಿ ಓದಿದ. ನಾನು ಒಂದು ಕಾಂಡದ ಮೇಲೆ ಕೈಯಿಟ್ಟೆ. ತೊಗಟೆ ಎಂದೋ ಹೋಗಿತ್ತು. ಮರ ನುಣುಪಾಗಿ, ತಣ್ಣಗೆ, ಕಲ್ಲಿನಷ್ಟು ಗಟ್ಟಿಯಾಗಿತ್ತು. ಕೈಗೆ ಸಿಕ್ಕಿದ್ದನ್ನು ಬಾಯಲ್ಲಿ ಆಡಬಾರದು ಎನ್ನುವುದು ಆ ಹೊತ್ತಿನಲ್ಲಿ ನನಗೆ ಸಾಧ್ಯವಾಗಲಿಲ್ಲ.

ಉದ್ಯಾನದವರು ನಡಿಗೆಗೆ ಹೊರಟವರಿಗೆ ಹೇಳುವ ಎಚ್ಚರದ ಮಾತು ಬಹಳ ಚಿಕ್ಕದು. ಹೊಳೆಯ ಬಳಿ ಇರುವಾಗ ನೀರು ಥಟ್ಟನೆ ಏರಿದರೆ, ನೆಲ ಬಹಳ ಹೊತ್ತು ನಡುಗಿದರೆ, ಕಣಿವೆಯ ಮೇಲ್ಗಡೆಯಿಂದ ಗೂಡ್ಸ್ ರೈಲಿನಂಥ ಮೊರೆತ ಕೇಳಿದರೆ ಕೂಡಲೇ ಎತ್ತರಕ್ಕೆ ಹೋಗಿ. ಹೊಳೆಯ ಮಟ್ಟದಿಂದ 160 ಅಡಿ ಮೇಲಿನ ಜಾಗ ಸುರಕ್ಷಿತ. ಇಷ್ಟೇ. ಹದಿನೈದು ಅಂತಸ್ತಿನ ಕಟ್ಟಡದಷ್ಟು ಎತ್ತರ. ಆ ಮಾತಿನಲ್ಲಿ ಹೆದರಿಸುವ ಒಂದು ವಿಶೇಷಣವೂ ಇಲ್ಲ. ಏನು ಕಂಡರೆ, ಏನು ಕೇಳಿದರೆ, ಎಷ್ಟು ದೂರ ಎಂಬುದನ್ನು ಹೇಳಿ ಅದು ನಿಲ್ಲುತ್ತದೆ. ಅಂದು ಸಂಜೆಯವರೆಗೂ ನಾವು ಹೂವಿನ ಹುಲ್ಲುಗಾವಲುಗಳಲ್ಲಿ ನಡೆದೆವು. ಸಂತೋಷ ಕಡಿಮೆಯಾಗಲಿಲ್ಲ. ಬದಲಾದದ್ದು ಒಂದೇ: ನಮ್ಮವರು ತೊರೆಯ ದಡದಲ್ಲಿ ಬುತ್ತಿ ಬಿಚ್ಚಲು ಹೊರಟಾಗ ಮೊದಲು ತಲೆಯೆತ್ತಿ ದಿಣ್ಣೆ ಯಾವ ಕಡೆ ಇದೆ ಎಂದು ನೋಡಿಕೊಂಡರು.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಆಲೋಚನೆ ಅರ್ಧಕ್ಕೆ ನಿಂತಂತೆ. ಕೇಡನ್ನು ಆಡಿ ತೋರಿಸುವುದಕ್ಕೂ ಒಂದು ಬೆಲೆಯಿದೆ, ಅದನ್ನು ಬೇರೆಯವರು ತೆತ್ತಿದ್ದಾರೆ. 1976ರಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಬೆಟ್ಟ ಗುಡುಗಿದಾಗ 70,000ಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿ ತಿಂಗಳುಗಟ್ಟಲೆ ಹೊರಗಿಟ್ಟರು. ಅಂಜಿದ್ದ ಮಹಾಸ್ಫೋಟ ಆಗಲೇ ಇಲ್ಲ. ಬೆಳೆ, ವ್ಯಾಪಾರ, ಮಕ್ಕಳ ಓದು ಹಾಳಾದವರ ಸಿಟ್ಟು ಸಣ್ಣದಾಗಿರಲಿಲ್ಲ. ವಿಜ್ಞಾನಿಗಳ ನಡುವೆಯೇ ಬಹಿರಂಗ ಜಗಳವಾಯಿತು. 1982ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಮತ್ ಲೇಕ್ಸ್ ಎಂಬ ಪ್ರವಾಸಿ ಊರಿನ ಬಗ್ಗೆ ಜ್ವಾಲಾಮುಖಿಯ ಎಚ್ಚರಿಕೆ ಹೊರಟಾಗ ಅಲ್ಲಿಯ ಮನೆಗಳ ಬೆಲೆ ಕುಸಿಯಿತು. ಹೋಟೆಲು ಅಂಗಡಿಗಳವರು ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ನೊಂದುಕೊಂಡರು. ಅವರ ನೋವು ಸುಳ್ಳಲ್ಲ. ಅಮಂಗಳವನ್ನು ನುಡಿಯಬೇಡ ಎನ್ನುವ ನಮ್ಮ ಹಿರಿಯರಿಗೂ ಇದು ಗೊತ್ತಿತ್ತು: ಒಂದು ಮನೆಗೆ ಕೆಟ್ಟ ಹೆಸರು ಬಂದರೆ ಆ ಮನೆಯ ಹೆಣ್ಣುಮಕ್ಕಳ ಮದುವೆ ನಿಲ್ಲುತ್ತಿದ್ದ ಕಾಲ ಅದು.

ಆದರೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಆರ್ಮೆರೊ ಇದೆ. ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿ ನೆವಾಡೊ ಡೆಲ್ ರುಯಿಸ್ ಎಂಬ ಹಿಮದ ಜ್ವಾಲಾಮುಖಿ. 1985ರ ಅಕ್ಟೋಬರಿನಲ್ಲಿ ಅದರ ಅಪಾಯದ ನಕ್ಷೆ ಸಿದ್ಧವಾಯಿತು. ಆರ್ಮೆರೊ ಪಟ್ಟಣ ಬಣ್ಣದೊಳಗೇ ಇತ್ತು. 1845ರಲ್ಲಿ ಇಳಿದ ಕೆಸರಿನ ಮೇಲೆಯೇ ಆ ಪಟ್ಟಣ ಕಟ್ಟಿದ್ದರು, ನಕ್ಷೆ ಮಾಡಿದವರಿಗೆ ಸಂದೇಹಕ್ಕೆ ಎಡೆಯಿರಲಿಲ್ಲ. ಇದು ಜನರನ್ನು ಗಾಬರಿಗೊಳಿಸುವ ಮಾತು ಎಂದು ಆಡಳಿತದಲ್ಲಿ ಅನೇಕರು ಭಾವಿಸಿದರು. ನವೆಂಬರ್ 13ರ ಮಧ್ಯಾಹ್ನದಿಂದಲೇ ಊರಿನ ಮೇಲೆ ಬೂದಿ ಉದುರತೊಡಗಿತು. ಶಾಂತವಾಗಿರಿ, ಮನೆಯೊಳಗೇ ಇರಿ ಎಂದು ಜನರಿಗೆ ರೇಡಿಯೊದಲ್ಲಿ ಹೇಳಿದರು. ರಾತ್ರಿ ಒಂಬತ್ತರ ಬಳಿಕ ಬೆಟ್ಟ ಸಿಡಿದು ಹಿಮ ಕರಗಿತು. ಕೆಸರು ಆರ್ಮೆರೊ ಮುಟ್ಟಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಎತ್ತರದ ನೆಲ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಆ ರಾತ್ರಿ ಸತ್ತವರು ಒಟ್ಟು ಸುಮಾರು 23,000.

ಶಾಂತವಾಗಿರಿ ಎಂದವರು ದುಷ್ಟರಾಗಿರಲಿಲ್ಲ. ಅವರ ದನಿಯಲ್ಲಿ ನನಗೆ ನನ್ನ ಅಮ್ಮನ ದನಿ ಕೇಳುತ್ತದೆ, ನನ್ನದೂ ಕೇಳುತ್ತದೆ. ಆ ಇರುಳಿನಲ್ಲಿ ಒಳ್ಳೆಯ ಮನಸ್ಸಿನ ಮೌನವೇ ಜನರನ್ನು ಮನೆಯೊಳಗೆ ಹಿಡಿದಿಟ್ಟಿತು. ಸಮಾಧಾನದ ಮಾತು ಬೇರೆಡೆಯೂ ಜನರನ್ನು ಮೈಮರೆಸಿದೆ. ಜಪಾನಿನ ಒಂಟಾಕೆ ಬೆಟ್ಟದಲ್ಲಿ 2014ರ ಸೆಪ್ಟೆಂಬರ್ 27ರ ಶನಿವಾರ, ಎಲೆ ಕೆಂಪಾಗುವ ಋತುವಿನಲ್ಲಿ, ನೆತ್ತಿಯ ಮೇಲೆ ಚಾರಣಿಗರು ಬುತ್ತಿ ಬಿಚ್ಚುವ ಹೊತ್ತಿಗೆ ಸ್ಫೋಟವಾಗಿ 63 ಮಂದಿ ಸತ್ತರು ಅಥವಾ ಕಾಣೆಯಾದರು. ಅಂದು ಅಧಿಕೃತ ಎಚ್ಚರಿಕೆ ಅತಿ ಕೆಳಗಿನ ಹಂತದಲ್ಲಿತ್ತು, ಆ ಹಂತಕ್ಕೆ ‘ಸಾಮಾನ್ಯ’ ಎಂಬ ವಿವರಣೆಯಿತ್ತು. ಮರುವರ್ಷ ಅದನ್ನು ತೆಗೆದು, ಇದು ಜೀವಂತ ಜ್ವಾಲಾಮುಖಿ ಎಂಬುದನ್ನು ನೆನಪಿನಲ್ಲಿಡಿ ಎಂದು ಬರೆದರು. ಬೆಟ್ಟ ಸುಮ್ಮನಿರುವಾಗಲೂ ಅದು ಏನೆಂದು ಹೇಳುವ ಪ್ರಾಮಾಣಿಕತೆ ಆ ತಿದ್ದುಪಡಿಯಲ್ಲಿದೆ.

ಬೆಂಗಳೂರಿಗೆ ಹಿಂದಿರುಗಿದ ಮೇಲೆ ಎಂದಿನಂತೆ ಲಾಲ್‌ಬಾಗಿನ ಬಂಡೆಯ ಮೇಲೆ ನಡೆಯತೊಡಗಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರುವ ಫಲಕ ಅಲ್ಲಿದೆ. ಆ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ರೇನಿಯರ್ ಬೆಟ್ಟದ ಈಗಿನ ಶಿಖರಕ್ಕೆ ಸುಮಾರು ಐದು ಲಕ್ಷ ವರ್ಷ. ಬಸವನಗುಡಿಯ ನಾವು ಇಂಥ ನೆಲದ ಮೇಲೆ ಹುಟ್ಟಿದವರು. ಬ್ಯೂಗಲ್ ರಾಕ್‌ನ ಬಂಡೆಗಳ ಮೇಲೆ ಜಾರಿ ಆಡಿದವರು. ನೆಲವೆಂದರೆ ಅಲುಗದೇ ಇರುವುದು ಎಂಬ ನಂಬಿಕೆ ನಮ್ಮ ಅಂಗಾಲಿಗೇ ಅಂಟಿಕೊಂಡಿದೆ. ಗವಿಪುರದಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಕಚೇರಿಯಿದೆ, ಬಿ. ಪಿ. ರಾಧಾಕೃಷ್ಣ ಅವರಂಥ ಹಿರಿಯರು ಅದನ್ನು ಕಟ್ಟಿ ಬೆಳೆಸಿದರು. ನಮ್ಮ ನೆಲವೂ ಒಂದು ಕಾಲಕ್ಕೆ ಕುದಿದದ್ದೇ ಎಂದು ಅಂಥವರ ಬರಹಗಳು ನಮಗೆ ತಿಳಿಸಿವೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿಯಲ್ಲಿ ಹರಿದು ದಿಂಬುಗಳಾಗಿ ಹೆಪ್ಪುಗಟ್ಟಿದ ಲಾವಾ ಇದೆ. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳೂ, ಗೋಲಗುಮ್ಮಟದ ಕಪ್ಪು ಕಲ್ಲೂ ಲಾವಾದವೇ. ಇಂದು ದೇಶದಲ್ಲಿ ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ ಒಂದೇ. ಹಾಗಾಗಿ ಲಹಾರಿನ ನಕ್ಷೆ ನಮಗೆ ಬೇಡ, ನಿಜ. ಆದರೆ ಶುಕ್ರವಾರ ರಾತ್ರಿ ಬೆನ್ನಚೀಲ ಹೊತ್ತು ಈ ನಗರದಿಂದ ಹೊರಡುವ ಯುವಕ ಯುವತಿಯರು ಹೋಗುವುದು ಅಲುಗದ ಬಂಡೆಯ ಮೇಲಕ್ಕಲ್ಲ. ಅವರು ಮಳೆಗಾಲದ ಸಹ್ಯಾದ್ರಿಗೆ ಹೋಗುತ್ತಾರೆ, ಹಿಮಾಲಯಕ್ಕೆ ಹೋಗುತ್ತಾರೆ, ಬಾಲಿಯ ಬಾತೂರ್ ಜ್ವಾಲಾಮುಖಿಯ ನೆತ್ತಿಗೆ ಸೂರ್ಯೋದಯ ನೋಡಲು ಹೋಗುತ್ತಾರೆ.

ಇಲ್ಲಿ ನನ್ನ ಅಜ್ಜಿಯ ನೆನಪು ಬೇರೆಯಾಗಿ ಬರುತ್ತದೆ. ಮುಸ್ಸಂಜೆಯ ದೇವತೆಗಳ ಬಗ್ಗೆ ಹೇಳಿದ ಆ ಅಜ್ಜಿಯೇ ತೀರ್ಥಹಳ್ಳಿಯ ಕಡೆಯ ತಮ್ಮ ತವರಿಗೆ ನಮ್ಮನ್ನು ಕರೆದೊಯ್ದಾಗ, ತುಂಗೆಯ ಒಂದು ಮಡುವನ್ನು ತೋರಿಸಿ, ‘ಅಲ್ಲಿ ಚೌಡಿ ಇದ್ದಾಳೆ, ಇಳೀಬ್ಯಾಡಿ’ ಎಂದಿದ್ದರು. ಅದರಾಚೆಯ ಹಾಸುಗಲ್ಲಿನ ಮೇಲೆ ಬಟ್ಟೆ ಒಗೆಯಬಹುದು, ಅಲ್ಲಿ ಚೌಡಿಯ ಕಾಟವಿಲ್ಲ. ದೊಡ್ಡವಳಾದ ಮೇಲೆ ನೋಡಿದರೆ ಆ ಮಡುವಿನಲ್ಲಿ ಮೇಲೆ ಕಾಣದ ಸುಳಿಯಿತ್ತು, ದಡದ ಕಲ್ಲು ಪಾಚಿಗಟ್ಟಿತ್ತು. ಅಜ್ಜಿ ಕೇಡನ್ನು ಆಡಿರಲಿಲ್ಲ. ಆದರೆ ಎಲ್ಲಿ ಎಂಬುದನ್ನು ಒಂದು ಮಾರು ಕೂಡ ತಪ್ಪದಂತೆ ಹೇಳಿದ್ದರು. ಚೌಡಿಯ ನೆಲೆ, ಹುಣಸೆಮರದ ದೆವ್ವ, ಇಂಥ ತಿಂಗಳಲ್ಲಿ ಹೊಳೆ ದಾಟಕೂಡದೆಂಬ ಕಟ್ಟಳೆ, ಇವೆಲ್ಲ ಸೇರಿ ಆ ಊರಿಗೊಂದು ಅಪಾಯದ ನಕ್ಷೆಯಿತ್ತು. ಅದು ಮಕ್ಕಳಿಗೂ ಬಾಯಿಪಾಠವಾಗಿತ್ತು.

ಹಾಗಾದರೆ ಹಿರಿಯರ ಮೌನ ಒಂಟಿಯಾಗಿರಲಿಲ್ಲ ಎಂದಾಯಿತು. ಮನೆಯೊಳಗೆ ಮಂಗಳದ ಮಾತು, ಹೊಳೆಯ ದಡದಲ್ಲಿ ಎಚ್ಚರದ ಕಥೆ, ಎರಡೂ ಜೊತೆಗೇ ಇದ್ದವು. ತಲೆಮಾರು ದಾಟಿ ನಾವು ನಗರಕ್ಕೆ ಬಂದಾಗ ಮೌನವನ್ನು ಮಾತ್ರ ಕಟ್ಟಿಕೊಂಡು ಬಂದೆವು. ಕಥೆಗಳು ಆಯಾ ಮಡುವಿಗೆ, ಆಯಾ ಮರಕ್ಕೆ ಸೇರಿದವು. ಅವು ನಮ್ಮೊಂದಿಗೆ ಬರುವಂತಿರಲಿಲ್ಲ. ಈಗ ನಾವು ಯಾವ ಊರಿನ ಕಥೆಯೂ ತಿಳಿಯದೆ ಎಲ್ಲ ಊರುಗಳ ಹೊಳೆಗೂ ಇಳಿಯುತ್ತೇವೆ. ಊರಿನವರು ದಡದಲ್ಲಿ ನಿಂತು ‘ಆ ಕಡೆ ಬ್ಯಾಡ, ಸುಳಿ ಐತೆ’ ಎಂದರೆ ನಮ್ಮ ಸಂತೋಷಕ್ಕೆ ಅಡ್ಡ ಬಂದರೆಂದು ಮುಖ ಸಿಂಡರಿಸುತ್ತೇವೆ. ಮನೆಯಲ್ಲಿ ಹಿರಿಯರು ಬಾಯಿ ಬಿಡುವುದಿಲ್ಲ, ಹೊರಟವರಿಗೆ ಅಪಶಕುನವಾದೀತೆಂದು. ಹೀಗೆ ಎರಡು ಕಡೆಯಿಂದಲೂ ಮಾತು ನಿಂತುಹೋಗಿದೆ.

ನಮ್ಮ ಕಣ್ಣೆದುರೇ ಆದದ್ದು ಕಡಿಮೆಯೇನಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳೇ ಇಳಿದುಬಂದವು. ರಸ್ತೆಗೆ, ಮನೆಗೆ ಇಳಿಜಾರನ್ನು ಕಡಿದ ಕಡೆಗಳಲ್ಲಿ ನೆಲ ಸಡಿಲವಾಗಿತ್ತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಗಳನ್ನೇ ಹೂಳಿತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಚಹಾ ಅಂಗಡಿಯನ್ನೂ, ಅಲ್ಲಿ ನಿಂತವರನ್ನೂ ಗಂಗಾವಳಿಗೆ ತಳ್ಳಿತು. ದಾರಿಹೋಕರು ಚಹಾ ಕುಡಿಯಲು ನಿಲ್ಲುವ ಜಾಗ ಅದು; ನಾವೂ ಗೋಕರ್ಣಕ್ಕೆ ಹೋಗುವಾಗ ಅಂಥ ಎಷ್ಟೋ ಗುಡ್ಡಗಳ ಬುಡದಲ್ಲಿ ಕಾರು ನಿಲ್ಲಿಸಿದ್ದೇವೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕು 9 ಮಂದಿ ತೀರಿಕೊಂಡರು. ತಂಡ ಹೊರಟದ್ದು ನಮ್ಮ ಊರಿನಿಂದ. ಆ ಮನೆಗಳಲ್ಲೂ ಹೊರಡುವ ದಿನ ಹಿರಿಯರು ‘ಹೋಗಿ ಬರ್ತೀನಿ’ ಎಂದು ಹೇಳಿಸಿಯೇ ಕಳಿಸಿರಬೇಕು ಎಂದು ನೆನೆದಾಗ ನನಗೆ ಗಂಟಲು ಕಟ್ಟುತ್ತದೆ.

ಆ ಮಾತನ್ನು ನಾನು ಬಿಡಬೇಕೆಂದಿಲ್ಲ, ಬಿಡುವುದೂ ಇಲ್ಲ. ಅದರ ಪಕ್ಕದಲ್ಲಿ ಇನ್ನೂ ಕೆಲವು ಮಾತು ಇರಬೇಕು ಎಂಬ ತೀರ್ಮಾನಕ್ಕೆ ಮಾತ್ರ ಬಂದಿದ್ದೇನೆ. ಎಲ್ಲಿಗೆ ಹೋಗುತ್ತಿದ್ದೀಯ, ಆ ಇಳಿಜಾರಿನ ಬಗ್ಗೆ ನಕ್ಷೆ ಏನು ಹೇಳುತ್ತದೆ, ಮಳೆ ಹಿಡಿದರೆ ಯಾವ ದಾರಿಯಲ್ಲಿ ಇಳಿಯುತ್ತೀಯ, ಎಷ್ಟು ಹೊತ್ತಿಗೆ ಫೋನು ಬಾರದಿದ್ದರೆ ನಾವು ಯಾರನ್ನು ಕೇಳಬೇಕು. ಕೇಳುವವರು ಹಿರಿಯರಾಗಿದ್ದರೆ ಹೊರಡುವ ಮಕ್ಕಳೂ ಉತ್ತರ ಯೋಚಿಸುತ್ತಾರೆ. ಈ ಪ್ರಶ್ನೆಗಳನ್ನು ಕೇಳಲು ಮೊದಲಸಲ ನನ್ನ ನಾಲಿಗೆ ತಡವರಿಸಿತು. ತಂಗಿಯ ಮಗ ಕುಮಾರಪರ್ವತಕ್ಕೆ ಹೊರಟಿದ್ದ. ಅವನು ಬೇಸರಪಟ್ಟುಕೊಳ್ಳಲಿಲ್ಲ, ಕಾಗದದ ಮೇಲೆ ದಾರಿ ಬರೆದು ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿ ಹೋದ.

ಬರಿಯ ಮನೆಯ ಮಾತು ಸಾಲದು. ಅರಣ್ಯ ಇಲಾಖೆ ಈಗ ಚಾರಣಪಥಗಳಿಗೆ ಆನ್‌ಲೈನಿನಲ್ಲಿ ಟಿಕೆಟ್ ಕೊಡುತ್ತಿದೆ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದೆ, ಒಳ್ಳೆಯ ಕೆಲಸ. ಇಲಾಖೆಗೂ ಚಾರಣ ಏರ್ಪಡಿಸುವವರಿಗೂ ನನ್ನ ವಿನಂತಿ ಇದು: ಆ ಟಿಕೆಟ್ಟಿನ ಮೇಲೆ, ಪಥದ ಬಾಗಿಲಿನ ಫಲಕದ ಮೇಲೆ, ಆ ಬೆಟ್ಟಕ್ಕೇ ಸೇರಿದ ಮೂರು ವಾಕ್ಯಗಳನ್ನು ಕನ್ನಡದಲ್ಲಿ ಬರೆಯಿರಿ. ಎಲ್ಲಿ ನೆಲ ಕುಸಿದಿದೆ, ಯಾವ ಹಳ್ಳ ಎಷ್ಟು ಬೇಗ ಏರುತ್ತದೆ, ಏನು ಕಂಡರೆ ಹಿಂದಿರುಗಬೇಕು. ಕೇಳಿ ಬರೆಯಬೇಕಾದದ್ದು ಬುಡದ ಊರಿನವರನ್ನು. ನಕ್ಷೆ ಹಾಕುವುದಾದರೆ ಬರಿಯ ಎತ್ತರದ ಗೆರೆಗಳನ್ನು ಹಾಕಬೇಡಿ. ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದಲ್ಲಿ ಜ್ವಾಲಾಮುಖಿಯ ನಕ್ಷೆಯಲ್ಲಿ ಜಾಗ ಗುರುತಿಸಲು ಪರದಾಡಿದ ಜನರಿಗೆ ಆಕಾಶದಿಂದ ತೆಗೆದ ಚಿತ್ರದಲ್ಲಿ ಅದು ಸುಲಭವಾಯಿತೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಓದುಗರಿಗೆ ಒಂದು ಮಾತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕುಸಿತಕ್ಕೆ ಈಡಾಗಬಹುದಾದ ಇಳಿಜಾರುಗಳನ್ನು 1:50,000 ಪ್ರಮಾಣದಲ್ಲಿ ನಕ್ಷೆ ಮಾಡಿದೆ. ನಮ್ಮ ಪಶ್ಚಿಮಘಟ್ಟದ ಜಿಲ್ಲೆಗಳೂ ಅದರಲ್ಲಿವೆ. ಸಂಸ್ಥೆಯ ಭೂಕೋಶ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು, ಹಣ ಕೊಡಬೇಕಾಗಿಲ್ಲ.